ನನ್ನ ಕೀಬೋರ್ಡು, ತಂಗಿಯ ಕನ್ಸೋಲು

ಒಂದು ಡಬ್ಬಿಯ ಮೇಲೆ ಮನುಷ್ಯ ಎಷ್ಟು ಹೊಟ್ಟೆಕಿಚ್ಚು ಪಡಬಹುದು ಎಂದು ಯಾರಾದರೂ ಕೇಳಿದರೆ ನನ್ನನ್ನು ತೋರಿಸಬಹುದು. ಡಬ್ಬಿ ಇದ್ದದ್ದು ಗದ್ವಾಲದಲ್ಲಿ, ನನ್ನ ತಂಗಿಯನ್ನು ಕೊಟ್ಟ ಮನೆಯಲ್ಲಿ. ಟಿವಿಗೆ ಜೋಡಿಸಿ ಗೇಮ್ ಆಡುವ ಕನ್ಸೋಲ್ ಅದು. ನಾನಿದ್ದದ್ದು ನಾರಾಯಣಪೇಟೆಯಲ್ಲಿ, ನನ್ನ ಕಂಪ್ಯೂಟರಿನ ಮುಂದೆ. ನಡುವೆ ಎರಡು ಬಸ್ಸು, ಒಂದು ಹೊಳೆ. ಅಷ್ಟು ದೂರದಿಂದಲೂ ನನ್ನ ಹೊಟ್ಟೆ ಚೆನ್ನಾಗಿಯೇ ಉರಿಯಿತು.

ನಾನು ಮೊದಲಿನಿಂದಲೂ ಕಂಪ್ಯೂಟರ್ ಪಕ್ಷದವನು. ಆಡುವುದಾದರೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈ ಕೀಬೋರ್ಡಿನ ಮೇಲೆ, ಬಲಗೈ ಮೌಸಿನ ಮೇಲೆ ಇಟ್ಟು ಆಡಬೇಕು. ಕನ್ಸೋಲಿನವರು ಲೋಡಿಗೆ ಒರಗಿ, ಕಂಟ್ರೋಲರ್ ಎಂಬ ಹಿಡಿಕೆ ಹಿಡಿದು ಎರಡು ಹೆಬ್ಬೆರಳಲ್ಲಿ ಆಡುತ್ತಾರೆ. ಮೌಸ್ ಹಿಡಿದವನು ಹಕ್ಕಿಯ ಕಣ್ಣಿಗೆ ಗುರಿ ಇಡಬಲ್ಲ. ಕಂಟ್ರೋಲರ್ ಹಿಡಿದವನು ಆನೆಗೆ ಗುರಿ ಇಟ್ಟರೆ ಮಾವುತನಿಗೆ ಬೀಳುತ್ತದೆ. ಅದಕ್ಕೇ ಆ ಡಬ್ಬಿ ಒಳಗೊಳಗೇ ಗುರಿ ಸರಿಮಾಡಿ ಕೊಡುತ್ತದೆ. ಕಂಪ್ಯೂಟರ್ ಕೆಟ್ಟರೆ ಬಿಚ್ಚಬಹುದು, ಹಳೆಯದನ್ನು ತೆಗೆದು ಹೊಸದನ್ನು ಕೂಡಿಸಬಹುದು. ಕನ್ಸೋಲ್ ಕೆಟ್ಟರೆ ತಲೆಯ ಮೇಲೆ ಕೈಹೊತ್ತು ಕೂಡಬೇಕು. ಈ ಮಾತನ್ನು ನಾನು ಚಹಾದಂಗಡಿಯಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಹೇಳಿದ್ದೇನೆ, ಗೇಮ್ ಎಂದರೇನೆಂದು ಗೊತ್ತಿಲ್ಲದ ನಮ್ಮವ್ವನಿಗೂ ಹೇಳಿದ್ದೇನೆ. ಇದರಲ್ಲಿ ಸುಳ್ಳೇನಿಲ್ಲ. ಆದರೆ ನಾನು ಕನ್ಸೋಲನ್ನು ದ್ವೇಷಿಸಿದ್ದು ಈ ಯಾವ ಕಾರಣಕ್ಕೂ ಅಲ್ಲ.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಆಟಕ್ಕಲ್ಲ. ಮಕ್ತಲ್‌ನಲ್ಲಿ ಝೆರಾಕ್ಸ್ ಅಂಗಡಿ ಮುಚ್ಚಿದವರೊಬ್ಬರಿಂದ ಅಪ್ಪ ಅದನ್ನು ತಂದರು, ಸೀರೆಯ ಅಂಚಿನ ದಡಿಯ ನಮೂನೆಗಳನ್ನು ಚೌಕಳಿಯಲ್ಲಿ ಬರೆಯಲು. ಮಗ್ಗದ ಕೋಣೆಯ ಮೂಲೆಯಲ್ಲೇ ಇಟ್ಟೆವು. ಹತ್ತಿಯ ದೂಳು ಅದರ ಫ್ಯಾನಿನೊಳಗೆ ಹೊಕ್ಕು ದಿಂಬಿನಂತೆ ಗಟ್ಟಿಯಾಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಹಳೆಯ ಬ್ರಷ್ಷಿನಿಂದ ಕೆರೆದು ತೆಗೆಯುವುದು ನನ್ನ ಕೆಲಸ. ದಡಿಯ ಕೆಲಸ ಮುಗಿದ ಮೇಲೆ ಸಂಜೆ ನಾನೂ ತಂಗಿಯೂ ಗೇಮ್ ಆಡುತ್ತಿದ್ದೆವು. ಒಂದು ಪಾಳುಬಿದ್ದ ರಾಜ್ಯದಲ್ಲಿ ಬಿಲ್ಲುಗಾರನೊಬ್ಬ ಅಲೆದು, ಬಾಗಿಲು ಬಾಗಿಲು ಗೆದ್ದು, ಒಂದು ಕೋಟೆಯ ಒಳಕ್ಕೆ ಹೋಗುವ ಆಟ. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಾವು ಕೋಟೆ ಆಟ ಎನ್ನುತ್ತಿದ್ದೆವು.

ಅದು ಒಬ್ಬರೇ ಆಡುವ ಆಟ. ನಾವು ಇಬ್ಬರು ಆಡಿದೆವು. ಕೀಬೋರ್ಡ್ ನನ್ನದು, ಮೌಸ್ ಅವಳದು. ಬಿಲ್ಲುಗಾರ ನಡೆಯುವುದು, ಓಡುವುದು, ಜಿಗಿಯುವುದು ನನ್ನ ಬೆರಳಿನಿಂದ. ಅವನು ಕತ್ತು ತಿರುಗಿಸುವುದು, ಬಾಣ ಬಿಡುವುದು ಅವಳ ಕೈಯಿಂದ. ಹೀಗೆ ಯಾರೂ ಆಡುವುದಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ನಮಗೆ ಮಾತ್ರ ಅದು ಸಹಜವಾಗಿತ್ತು, ಏಕೆಂದರೆ ಮಗ್ಗದಲ್ಲಿಯೂ ನಾವು ಹಾಗೇ ಇದ್ದೆವು. ಗದ್ವಾಲ ನಮೂನೆಯ ಸೀರೆಗೆ ಒಡಲು ಹತ್ತಿಯದು, ದಡಿ ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಅದಕ್ಕೆ ಒಂದು ಮಗ್ಗಕ್ಕೆ ಇಬ್ಬರು ಬೇಕು. ಮಗ್ಗದ ಕೆಳಗೆ ತೋಡಿದ ಕುಣಿಯೊಳಗೆ ಕಾಲಿಳಿಸಿ, ಹಲಗೆ ತುಳಿದು, ನಡುವಿನ ಲಾಳಿ ಎಸೆಯುವವನು ಮುಖ್ಯ ನೇಕಾರ. ಪಕ್ಕದಲ್ಲಿ ಕೂತು ದಡಿಯ ಲಾಳಿ ದಾಟಿಸುವವರು ಜೊತೆಗಾರರು. ಅಪ್ಪನ ಮೊಣಕಾಲು ಹೋದ ಮೇಲೆ ಕುಣಿಗೆ ನಾನಿಳಿದೆ, ಪಕ್ಕದಲ್ಲಿ ತಂಗಿ ಕೂತಳು. ನನ್ನ ಕಾಲು, ಅವಳ ಕೈ. ಆರು ವರ್ಷ ಹಾಗೇ ನೇಯ್ದೆವು.

ಆಟದಲ್ಲಿ ಜಗಳವೂ ಆಗುತ್ತಿತ್ತು. ನಾನು ಬಾಗಿಲ ಕಡೆ ಓಡಿಸುವಾಗ ಅವಳು ಕತ್ತನ್ನು ಎತ್ತಲೋ ತಿರುಗಿಸುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಮ್ಮ ಬಿಲ್ಲುಗಾರ ಗೋಡೆಗೆ ಹಾಯುತ್ತಿದ್ದ. "ನೆಟ್ಟಗ ನೋಡು, ಕೈ ಜಾರಿಸಬ್ಯಾಡ" ಎಂದು ಗದರುತ್ತಿದ್ದೆ. ಅವಳು ನೆಟ್ಟಗೆ ನೋಡುತ್ತಿದ್ದಳು. ಕೋಟೆಯ ಮೂರನೆಯ ಬಾಗಿಲಿನವರೆಗೆ ಹೋಗಿದ್ದೆವು, ಅಷ್ಟರಲ್ಲಿ ಅವಳ ಮದುವೆ ಗೊತ್ತಾಯಿತು.

ಮದುವೆಯಾಗಿ ಎರಡು ತಿಂಗಳಿಗೆ ಫೋನಿನಲ್ಲಿ ಹೇಳಿದಳು, "ಅಣ್ಣಾ, ಇವರು ಕನ್ಸೋಲ್ ತಂದಾರ. ದಿನಾ ಆಡ್ತೀವಿ."

"ಛಲೋ ಆತು" ಎಂದೆ. ಫೋನ್ ಇಟ್ಟು ಅವ್ವನ ಮೇಲೆ ರೇಗಿದೆ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು. ಉಪ್ಪು ಸರಿಯಾಗಿಯೇ ಇತ್ತು.

ಅಲ್ಲಿಂದ ನನ್ನ ಬುದ್ಧಿ ಸಣ್ಣದಾಯಿತು. ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ದಡಿಯ ನಮೂನೆ ಬರೆಯಲು ಅದರ ಅಗತ್ಯವೇ ಇರಲಿಲ್ಲ. ಇದರಿಂದ ಬಣ್ಣ ಖರೇ ಕಾಣುತ್ತದೆ ಎಂದು ಅಪ್ಪನಿಗೆ ಹೇಳಿದೆ. ಕೋಟೆಯ ಗೋಡೆಯ ಹಾವಸೆ ಕೂಡ ಎಳೆ ಎಳೆಯಾಗಿ ಕಾಣುವಂತೆ ಫೋಟೋ ತೆಗೆದು ತಂಗಿಗೆ ಕಳಿಸಿದೆ. "ನಿಮ್ಮ ಡಬ್ಬಿಯೊಳಗ ಹಿಂಗ ಕಾಣ್ತದೇನು?" ಎಂದು ಕೆಳಗೆ ಬರೆದೆ. ಹೆಬ್ಬೆರಳಿನ ಚಿತ್ರ ಒಂದು ಬಂತು, ಮಾತು ಬರಲಿಲ್ಲ. ಅವಳು ಆಡುವಾಗ ಪಕ್ಕದಲ್ಲಿ ಅವಳ ಗಂಡ ಕೂತಿರುತ್ತಾನೆ, ಅವಳ ಬಾಣ ಗುರಿಗೆ ಬಿದ್ದರೆ ಭೇಷ್ ಎನ್ನುತ್ತಾನೆ, ಆ ಭೇಷ್ ನನ್ನದಾಗಿತ್ತು ಎಂದು ಲಾಳಿ ಎಸೆಯುವಾಗೆಲ್ಲ ನೆನಪಾಗುತ್ತಿತ್ತು. ಪಕ್ಕದಲ್ಲಿ ಈಗ ಕೂಲಿಗೆ ಬರುವ ಮುದುಕರೊಬ್ಬರು ಕೂಡುತ್ತಿದ್ದರು. ಅವರ ಕೈ ಚುರುಕು, ಆದರೆ ಅವರ ಜೊತೆ ಕೋಟೆಯ ಮಾತು ಆಡುವಂತಿರಲಿಲ್ಲ. ಕೋಟೆ ಆಟವನ್ನು ನಾನೊಬ್ಬನೇ ಮುಂದಕ್ಕೆ ಆಡಲಿಲ್ಲ. ಮೂರನೆಯ ಬಾಗಿಲಿನಲ್ಲಿ ಸೇವ್ ಮಾಡಿ ಹಾಗೇ ಬಿಟ್ಟೆ. ಅವಳು ಬಂದು ಮೌಸ್ ಹಿಡಿಯುತ್ತಾಳೆ, ಆಗ ನೋಡೋಣ ಎಂದುಕೊಂಡೆ. ಅವಳು ಬಂದು ಮತ್ತೆ ನನ್ನ ಪಕ್ಕ ಕೂಡುತ್ತಾಳೋ ಇಲ್ಲವೋ ಎಂಬುದೊಂದೇ ನನಗೆ ಆ ಆರು ತಿಂಗಳು ಬೇಕಾಗಿದ್ದ ಉತ್ತರ.

ಮದುವೆಯಾದ ಮೊದಲ ವರ್ಷ ಪಂಚಮಿಗೆ ಅಣ್ಣನಾದವನು ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಟ್ಟಳು. ಮಕ್ತಲ್‌ನಲ್ಲಿ ಬಸ್ ಬದಲಿಸಿದೆ. ಜೂರಾಲ ಅಣೆಕಟ್ಟು ದಾಟಿ, ಧರೂರಿನ ನೆಲ್ಲುಗದ್ದೆಗಳ ನಡುವೆ ಹೋಗುವಾಗ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಕನ್ಸೋಲಿನ ದೋಷಗಳನ್ನು ಎಣಿಸುತ್ತಿದ್ದೆ. ತಂಗಿಯ ಗಂಡ ವಾದಕ್ಕೆ ಬಂದರೆ ಯಾವುದನ್ನು ಮೊದಲು ಹೇಳುವುದು, ಯಾವುದನ್ನು ಕೊನೆಗೆ ಇಟ್ಟುಕೊಳ್ಳುವುದು ಎಂದು ಗದ್ವಾಲ ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದೆ.

ಮನೆಯೊಳಗೆ ಕಾಲಿಟ್ಟಾಗ ಮಗ್ಗದ ಸದ್ದು ಕೇಳುತ್ತಿತ್ತು. ನೋಡಿದರೆ ಕುಣಿಯೊಳಗೆ ಇದ್ದವಳು ನನ್ನ ತಂಗಿ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಹಲಗೆ ತುಳಿಯುತ್ತಿದ್ದಳು. ಪಕ್ಕದಲ್ಲಿ ಕೂತು ದಡಿಯ ಲಾಳಿ ದಾಟಿಸುತ್ತಿದ್ದವನು ಅವಳ ಗಂಡ.

"ಬರ್ರಿ ಬಾವ, ಕುಂದರ್ರಿ" ಎಂದು ಅವನು ಎದ್ದ. ಒಳ್ಳೆಯ ಹುಡುಗ, ಅದೇ ನನಗೆ ದೊಡ್ಡ ತೊಂದರೆ. ಬೈಯಲು ಏನೂ ಸಿಗುತ್ತಿರಲಿಲ್ಲ. ಅಂದು ಸಿಕ್ಕಿತು ಎನಿಸಿತು.

"ನಮ್ಮ ಮನಿಯಾಗ ಆಕಿನ್ನ ಒಂದು ದಿನ ಕುಣಿಯಾಗ ಇಳಿಸಿದ್ದಿಲ್ಲ" ಎಂದೆ, ನೀರಿನ ಚೊಂಬು ಮುಟ್ಟುವ ಮೊದಲೇ. "ಕಾಲಿನ ಕೆಲಸ ಗಂಡಸರು ಮಾಡ್ತಿದ್ವಿ."

ಅವನ ಮುಖ ಸಪ್ಪಗಾಯಿತು. ಅವನ ತಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಉತ್ತರ ಕೊಟ್ಟವಳು ತಂಗಿ. "ನಾನಾ ಕೇಳಿ ಇಳಿದೀನಿ ಅಣ್ಣಾ. ನೀ ಮೊದಲು ನೀರು ಕುಡಿ." ಹಾಗೆ ಹೇಳಿ ಇನ್ನೂ ನಾಲ್ಕು ಎಳೆ ನೇಯ್ದು, ಗಂಟು ನೋಡಿಕೊಂಡು, ಆಮೇಲೆ ಕುಣಿಯಿಂದ ಎದ್ದಳು.

ಊಟವಾದ ಮೇಲೆ ತಂಗಿಯ ಗಂಡ ನನ್ನನ್ನು ಸಮಾಧಾನ ಮಾಡಲೆಂದು ಟಿವಿ ಹಚ್ಚಿದ. ಗೂಡಿನಲ್ಲಿದ್ದ ಕನ್ಸೋಲಿಗೆ ತಂಗಿ ದೂಳು ಬೀಳದಂತೆ ಕುಪ್ಪಸದ ಬಟ್ಟೆಯಿಂದ ಗವಸು ಹೊಲಿದಿದ್ದಳು. ನನ್ನ ಕಂಪ್ಯೂಟರಿಗೆ ಅವಳು ಏನನ್ನೂ ಹೊಲಿದಿರಲಿಲ್ಲ. ಅದು ಒಂದು ಚುಚ್ಚಿತು. ಟಿವಿಯಲ್ಲಿ ಚಿತ್ರ ಮೂಡಿದಾಗ ಇನ್ನೊಂದು ಚುಚ್ಚಿತು, ಅದು ಆಳಕ್ಕೇ ಇಳಿಯಿತು. ಅದೇ ಪಾಳು ರಾಜ್ಯ, ಅದೇ ಬಿಲ್ಲುಗಾರ. ನಮ್ಮ ಕೋಟೆ ಆಟ.

"ಇದನ್ನ ಯಾವಾಗ ತಂದ್ರಿ?" ಎಂದೆ.

"ಆಕಿನಾ ಬೇಕು ಅಂದಳ್ರಿ ಬಾವ. ಮೊದಲಿಂದ ಸುರು ಮಾಡ್ಯಾಳ."

ನಾನು ಅಲ್ಲಿ ಮೂರನೆಯ ಬಾಗಿಲನ್ನು ಕಾಯುತ್ತಿದ್ದರೆ ಇವಳು ಇಲ್ಲಿ ಇನ್ನೊಬ್ಬನ ಪಕ್ಕ ಕೂತು ಮೊದಲ ಮೆಟ್ಟಿಲಿನಿಂದ ಆಡುತ್ತಿದ್ದಾಳೆ. ಮದುವೆ ಮಾಡಿಕೊಟ್ಟಾಗ ಅಳದವನು ನಾನು, ಅವತ್ತು ಬೀಗರ ಮನೆಯ ಚಾಪೆಯ ಮೇಲೆ ಕಣ್ಣು ಬಿಗಿಹಿಡಿದು ಕೂತೆ.

"ನೀವೂ ಆಡ್ರಿ" ಎಂದು ಅವನು ಕಂಟ್ರೋಲರ್ ಕೈಗೆ ಕೊಟ್ಟ. ತೋರಿಸಿಯೇ ಬಿಡುತ್ತೇನೆ ಎಂದು ಹಿಡಿದೆ. ಎಡ ಹೆಬ್ಬೆರಳಿನ ಗುಬುಟು ತಿರುಗಿಸಿದರೆ ಬಿಲ್ಲುಗಾರನ ಕಾಲು, ಬಲಗಡೆಯದು ತಿರುಗಿಸಿದರೆ ಕಣ್ಣು. ಬಿಲ್ಲುಗಾರ ಎರಡು ಹೆಜ್ಜೆ ನಡೆದು ಮುಗಿಲು ನೋಡಿದ. ಮತ್ತೆ ಎರಡು ಹೆಜ್ಜೆ, ತನ್ನ ಪಾದ ನೋಡಿಕೊಂಡ. ಕಾಲು ಹೋದ ಕಡೆ ಕಣ್ಣು ಬರಲಿಲ್ಲ. ಈ ಆಟದಲ್ಲಿ ಕಣ್ಣು ತಿರುಗಿಸುವ ಕೆಲಸ ನನ್ನ ಕೈ ಒಮ್ಮೆಯೂ ಮಾಡಿರಲಿಲ್ಲ. ಕುರ್ಚಿಯಿಲ್ಲ, ಮೌಸಿಲ್ಲ, ಈ ಗುಬುಟು ಸಡಿಲ ಇದೆ ಎಂದು ಗೊಣಗಿದೆ.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದಳಂತ" ಎಂದು ತಂಗಿಯ ಅತ್ತೆ ಅಡಿಕೆ ಕತ್ತರಿಸುತ್ತಲೇ ಅಂದರು. ಅವರ ಮನೆಯ ಮಗ್ಗದ ಬಗ್ಗೆ ನಾನು ಬೆಳಿಗ್ಗೆ ಆಡಿದ ಮಾತಿಗೆ ತೀರಿಸಿದ ಬಾಕಿ ಅದು. ಬಿಲ್ಲುಗಾರ ಬಾವಿಯಲ್ಲಿ ಬಿದ್ದು ಸತ್ತ.

ತಂಗಿಯ ಗಂಡ ಬಸ್ಸಿನ ವೇಳೆ ಕೇಳಿಕೊಂಡು ಬರಲು ಹೋದ. ಅವಳ ಅತ್ತೆ ಬುತ್ತಿ ಕಟ್ಟಲು ಎದ್ದರು. ನಾವಿಬ್ಬರೇ ಉಳಿದಾಗ ನಾನು ಕೇಳಿಯೇಬಿಟ್ಟೆ, "ಮೊದಲಿಂದ ಯಾಕ ಸುರು ಮಾಡಿದಿ? ನಾ ಅಲ್ಲೇ ನಿಲ್ಲಿಸೀನಿ. ನಿನ್ನ ಸಲುವಾಗಿ ನಿಲ್ಲಿಸೀನಿ."

"ನಿಂದು ನೀ ಮುಂದ ಆಡು ಅಣ್ಣಾ, ನನಗ ಕಾಯಬ್ಯಾಡ" ಎಂದಳು. "ಅದರಾಗ ನಾ ಎಂದೂ ನಡೆದಿಲ್ಲ."

"ಹಂಗಂದ್ರ?"

"ಕೋಟಿಗೆ ಹೋಗೋ ದಾರ್ಯಾಗ ಎಡಗಡೆ ಒಂದು ಕೆರಿ ಕಾಣ್ತಿತ್ತು. ನಾ ಅತ್ತಾಗ ತಿರುಗಿಸ್ತಿದ್ದೆ. ನೀ ಕೈ ಜಾರಿತು ಅಂತಿದ್ದಿ. ಕೈ ಜಾರಿದ್ದಿಲ್ಲ. ನನಗ ಅಲ್ಲಿ ಹೋಗೋದಿತ್ತು."

"ಬಾಯಿ ಬಿಟ್ಟು ಹೇಳಬೇಕಿತ್ತು."

"ಹೇಳೀನಿ. ಬಾಗಲ ಅತ್ತಾಗಿಲ್ಲ ಅಂದಿ."

ಹೇಳಿರಬೇಕು. ನಾನೂ ಹಾಗೇ ಅಂದಿರಬೇಕು. ಅದು ನನ್ನ ಮಾತಿನ ಧಾಟಿಯೇ. ಬೆಳಿಗ್ಗೆ ಎಂದೂ ಕುಣಿಗೆ ಇಳಿಸಲಿಲ್ಲ ಎಂದು ಹೆಮ್ಮೆಯಿಂದ ಹೇಳಿದ್ದೆನಲ್ಲ, ಇಳಿಯುತ್ತೀಯಾ ಎಂದು ಅವಳನ್ನು ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಕಂಪ್ಯೂಟರಿನಲ್ಲಿ ಕೀಬೋರ್ಡು ಮೌಸು ಬೇರೆ ಬೇರೆ, ಅದಕ್ಕೇ ಪಾಲು ಮಾಡಿ ಒಂದನ್ನು ನಾನಿಟ್ಟುಕೊಳ್ಳಬಹುದಿತ್ತು. ಕಂಟ್ರೋಲರನ್ನು ಪಾಲು ಮಾಡಲು ಬರುವುದಿಲ್ಲ. ಹಿಡಿದವರಿಗೆ ಕಾಲೂ ಸಿಗುತ್ತದೆ, ಕಣ್ಣೂ ಸಿಗುತ್ತದೆ. ಕನ್ಸೋಲಿನ ದೋಷಗಳ ನನ್ನ ಉದ್ದ ಪಟ್ಟಿಯಲ್ಲಿ ಇದು ಇರಲಿಲ್ಲ.

"ಇವರು ಆಡ್ತಾರೇನು ನಿನ್ನ ಜೋಡಿ?" ಎಂದೆ. ಕೊನೆಯ ಆಸೆ ಅದು, ಅವನ ಮೇಲೆ ಸಿಟ್ಟಾಗಲು ಏನಾದರೂ ಉಳಿಯಲಿ ಎಂದು.

"ಎಲ್ಲಿದು. ಅವರು ಬಾಜೂಕ ಮಲಕ್ಕೊಂಡು ಫೋನ್ ನೋಡ್ತಾರ. ನಾ ಒಬ್ಬಾಕಿನ ಆಡ್ತೀನಿ."

ಆರು ತಿಂಗಳು ನಾನು ಉರಿದದ್ದು ಫೋನ್ ನೋಡುವವನ ಮೇಲೆ. ನಗು ಬರಬೇಕಿತ್ತು, ಬರಲಿಲ್ಲ.

"ಕೆರಿ ನೋಡ್ತಿಯೇನು?" ಎಂದಳು. ಕಂಟ್ರೋಲರ್ ಇನ್ನೂ ನನ್ನ ಕೈಯಲ್ಲೇ ಇತ್ತು. ದಾರಿ ಹೇಳು, ನಾನು ನಡೆಸುತ್ತೇನೆ ಎಂದೆ. ಅವಳು ಬೆರಳು ಮಾಡಿ ತೋರಿಸಿದಳು. ನಾನು ಮರಕ್ಕೆ ಹಾಯ್ದೆ, ಕಲ್ಲಿಗೆ ಹಾಯ್ದೆ, ಮುಗಿಲು ನೋಡಿದೆ. ಕೆರೆಯ ಒಂದು ಅಂಚು ಹೊಳೆದು ಮರೆಯಾಯಿತು. ಆ ಅಂಚನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ, ಅದೇ ದಾರಿಯಲ್ಲಿ ನೂರು ಸಲ ಓಡಿದವನು. ಆಗ ಆದ ಹೊಟ್ಟೆಕಿಚ್ಚು ಬೇರೆ. ಡಬ್ಬಿಯ ಮೇಲಲ್ಲ, ಅವನ ಮೇಲಲ್ಲ, ಅವಳ ಮೇಲೆ. ನನಗೆ ಬಾಗಿಲುಗಳಷ್ಟೇ ಕಂಡ ಕಡೆ ಇವಳಿಗೆ ಇಡೀ ರಾಜ್ಯ ಕಂಡಿತ್ತು.

"ಇತ್ತ ಕೊಡು" ಎಂದಳು.

ಕೊಟ್ಟೆ ಎಂದು ಇಲ್ಲಿ ಬರೆದುಕೊಳ್ಳಬಹುದಿತ್ತು. ಕೊಡಲಿಲ್ಲ. ಇನ್ನೊಂದು ಸಲ, ಇನ್ನೊಂದೇ ಸಲ ಎನ್ನುತ್ತ ಹೆಬ್ಬೆರಳು ಒತ್ತುತ್ತಲೇ ಇದ್ದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಂಟ್ರೋಲರ್ ತೆಗೆದುಕೊಂಡಳು.