ಕನ್ನಡ ಆಡದ ನಲವತ್ತು ದಿನ

ಬೇಸಿಗೆ ರಜೆಯಲ್ಲಿ ಹುಡುಗರನ್ನು ನಲವತ್ತು ದಿನ ಒಂದೇ ಕಡೆ ಇಟ್ಟುಕೊಂಡು ಇಂಗ್ಲಿಷ್ ಕಲಿಸಬೇಕೆಂಬ ಯೋಚನೆ ನಮ್ಮ ಹೆಡ್ಮಾಸ್ತರರದು. ನಾನು ಆಗ ಧಾರವಾಡದಲ್ಲಿ ಬಿ.ಎ. ಮುಗಿಸಿ, ಶಿರಸಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿ ಸೇರಿ ವರ್ಷವಾಗಿತ್ತು. ಇಪ್ಪತ್ಮೂರು ವಯಸ್ಸು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರಾಜ್ಯ ಒಂದಾಗಿ ಎರಡು ವರ್ಷ ಕಳೆದಿತ್ತು. ಮುಂಬಯಿ ಸರಕಾರದ ಕಾಲದಲ್ಲಿ ನಮ್ಮ ಕಡೆಯ ಹುಡುಗರಿಗೆ ಇಂಗ್ಲಿಷ್ ಸಿಗುತ್ತಿದ್ದುದೇ ಎಂಟನೆಯ ಇಯತ್ತೆಗೆ ಬಂದ ಮೇಲೆ. ಇನ್ನು ಮೈಸೂರು ಕಡೆಯವರ ಜೊತೆ ಪರೀಕ್ಷೆಗೆ ಕೂತರೆ ನಮ್ಮವರು ಹಿಂದೆ ಬೀಳುತ್ತಾರೆ ಎಂದು ಹೆಡ್ಮಾಸ್ತರರಿಗೆ ಚಿಂತೆ. ಆ ಚಿಂತೆ ಸುಳ್ಳೇನಲ್ಲ.

ಜಾಗ ಹುಡುಕಿದ್ದು ಕಾನಸೂರಿನಿಂದ ಆಚೆ, ರಜೆಗೆ ಖಾಲಿಬಿದ್ದಿದ್ದ ಒಂದು ಶಾಲೆ. ಸುತ್ತ ಕಾಡು. ಹತ್ತಿರ ಅಂಗಡಿಯಿಲ್ಲ, ಮನೆಯಿಲ್ಲ. ಅದೇ ಹೆಡ್ಮಾಸ್ತರರಿಗೆ ಹಿಡಿಸಿದ್ದು. "ಕನ್ನಡ ಕಿವಿಗೆ ಬೀಳಬಾರದು. ಬಿದ್ದರೆ ಇಂಗ್ಲಿಷ್ ಒಳಗೆ ಇಳಿಯೋದಿಲ್ಲ" ಎಂದರು. ಆರನೆಯ ಇಯತ್ತೆಯಿಂದ ಒಂಬತ್ತರವರೆಗಿನ ಇಪ್ಪತ್ತಾರು ಹುಡುಗರು ಹಾಸಿಗೆ ಸುತ್ತಿಕೊಂಡು, ಟ್ರಂಕು ಹೊತ್ತುಕೊಂಡು ಬಂದಿಳಿದರು. ಕಲಿಸಲು ಹೆಡ್ಮಾಸ್ತರರು ಮತ್ತು ನಾನು, ಇಬ್ಬರೇ. ಅಡುಗೆಗೆ ಪಕ್ಕದ ಊರಿನ ಒಬ್ಬ ವಯಸ್ಸಾದವರು.

ನಿಯಮ ಒಂದೇ. ಬೆಳಗಿನ ಪ್ರಾರ್ಥನೆಯಿಂದ ಮಲಗುವವರೆಗೆ ಕನ್ನಡ ಆಡಕೂಡದು. ಆಡಿದವನು ಊಟದ ಹೊತ್ತಿಗೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಎಲ್ಲರದೂ ಮುಗಿದ ಮೇಲೆ ಉಣ್ಣಬೇಕು. ಹೊಡೆಯುವುದಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ನನ್ನ ಮಾಸ್ತರರು ನನಗೆ ಬೆತ್ತದಿಂದಲೇ ಕಲಿಸಿದವರು.

ಬನವಾಸಿಯ ಕಡೆಯಿಂದ ಬಂದ ಹುಡುಗನೊಬ್ಬನಿದ್ದ. ಏಳನೆಯ ಇಯತ್ತೆ, ತೆಳ್ಳಗೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅಪ್ಪನಿಗೆ ಸ್ವಲ್ಪ ಗದ್ದೆ, ಊರಲ್ಲೊಂದು ಕಿರಾಣಿ ಅಂಗಡಿ. ಬಂದ ಎರಡನೆಯ ದಿನ ಊಟದ ಪಂಕ್ತಿಯಲ್ಲಿ ಅವನು ಅಡುಗೆಯವರಿಗೆ, "ಇನ್ನೊಂದೀಟು ಸಾರು ಹಾಕ್ರಿ" ಎಂದ. ಹಿಡಿದವನು ನಾನೇ. ಅರ್ಧ ಉಂಡ ಎಲೆಯಿಂದ ಎದ್ದು ಹೋಗಿ ಗೋಡೆಯ ಹತ್ತಿರ ನಿಂತ. ಕೈಗೆ ಅಂಟಿದ್ದ ಅನ್ನ ಒಣಗುವವರೆಗೂ ನಿಂತಿದ್ದ. ಆಮೇಲೆ ಅವನು ತಪ್ಪಿಯೂ ಸಿಕ್ಕಿಬೀಳಲಿಲ್ಲ. ಆಟದ ಹೊತ್ತಿನಲ್ಲಿ ಕೂಡ ಬಾಯಿ ಬಿಡುತ್ತಿರಲಿಲ್ಲ. ಹೆಡ್ಮಾಸ್ತರರು ಅವನನ್ನು ತೋರಿಸಿ, ಈ ಹುಡುಗನಿಗೆ ಶಿಸ್ತು ಬಂದಿದೆ ಎಂದರು. ನಾನೂ ಹೌದೆಂದೆ.

ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, ಹೇಗಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳುವುದು ನನ್ನ ಪಾಠ. "ಐ ಆ್ಯಮ್ ಕ್ವೈಟ್ ವೆಲ್, ಸರ್. ಥ್ಯಾಂಕ್ ಯೂ" ಎಂಬುದು ಉತ್ತರ. ನಾನು ಚೆನ್ನಾಗಿದ್ದೇನೆ ಅಂತ. ಬೇರೆ ಉತ್ತರವನ್ನು ನಾನು ಕಲಿಸಿರಲೇ ಇಲ್ಲ.

ಮೂರನೆಯ ವಾರದ ಒಂದು ಮಂಗಳವಾರ ಅವನ ಸರದಿ ಬಂದಾಗ ಬೆಂಚಿನ ಅಂಚು ಹಿಡಿದು ಎದ್ದ. ಮುಖ ಬೆವೆತಿತ್ತು. ಕೇಳಿದೆ. ಉತ್ತರವನ್ನು ತಪ್ಪಿಲ್ಲದೆ ಹೇಳಿದ, ಕೂತ. ಗುಡ್ ಎಂದು ಮುಂದಿನವನ ಕಡೆ ತಿರುಗಿದೆ.

ಆ ಮಧ್ಯಾಹ್ನ ಅಡುಗೆಯವರು ನನ್ನನ್ನು ಹೊರಗೆ ಕರೆದರು. ನಮ್ಮಿಬ್ಬರದೂ ಒಂದೇ ಮನೆಮಾತು, ಹವ್ಯಕ ಕನ್ನಡ.

"ಆ ಬನವಾಸಿ ಮಾಣಿ ನಿನ್ನೆಯಿಂದ ಸರಿ ಉಣ್ತ್ನಿಲ್ಲೆ. ಎಂತೋ ಆಯ್ದು ಅವಂಗೆ. ಕೇಳಿರೆ ಬಾಯೇ ಬಿಡ್ತ್ನಿಲ್ಲೆ. ನೀವೇ ಒಂಚೂರು ಕೇಳಿ."

"ಬಿಸಿಲಿಗೆ ಆಗಿಕ್ಕು. ನಾಳೆ ನೋಡ್ತೆ" ಎಂದೆ.

ಕೇಳದೆ ಬಿಟ್ಟದ್ದು ಮರೆತು ಅಲ್ಲ. ಕೇಳಬೇಕಾದರೆ ಕನ್ನಡದಲ್ಲೇ ಕೇಳಬೇಕಿತ್ತು, ಹೆಡ್ಮಾಸ್ತರರು ಜಗುಲಿಯಲ್ಲೇ ಕೂತಿದ್ದರು, ನನ್ನ ಕೆಲಸ ಕಾಯಂ ಮಾಡುವುದು ಅವರ ಕೈಯಲ್ಲಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣವಿದ್ದಿದ್ದರೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತೋ ಏನೋ.

ಮರುದಿನ ಅವನು ಪಾಠಕ್ಕೆ ಬಂದ, ಮಾತಾಡಲಿಲ್ಲ. ಗುರುವಾರ ಬೆಳಿಗ್ಗೆ ಏಳಲೇ ಇಲ್ಲ. ಚಾಪೆಯ ಮೇಲೆ ಕಾಲು ಮಡಚಿಕೊಂಡು ಮಲಗಿದ್ದ, ಪಕ್ಕದಲ್ಲಿ ಹಸಿರು ವಾಂತಿ. ಮುಟ್ಟಿದರೆ ಮೈ ಕಾವಲಿಯ ಹಾಗೆ ಸುಡುತ್ತಿತ್ತು. ಹೊಟ್ಟೆ ಹಲಗೆಯಂತಾಗಿತ್ತು.

ಶಿರಸಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನನ್ನು ಎತ್ತಿಕೊಂಡು ರಸ್ತೆಗೆ ಓಡಿದೆ. ಮರದ ದಿಮ್ಮಿ ಹೇರಿಕೊಂಡು ಒಂದು ಲಾರಿ ಬಂತು. ಡ್ರೈವರು ಶಿರಸಿ ಪೇಟೆಯ ಮುಸಲ್ಮಾನರು. ಹುಡುಗನ ಮುಖ ನೋಡಿದವರೇ ಪಕ್ಕದಲ್ಲಿದ್ದ ಇಬ್ಬರು ಕೂಲಿಗಳನ್ನು ಇಳಿಸಿದರು.

"ತೊಡೆ ಮೇಲೆ ಮಲಗಿಸ್ಕೊಳ್ಳಿ ಮಾಸ್ತರ್. ಹೊಂಡ ಬಂದ್ರೆ ಮೊದ್ಲೇ ಹೇಳ್ತೀನಿ, ಗಟ್ಟಿ ಹಿಡ್ಕೊಳ್ಳಿ."

ಲಾರಿ ಹೊರಟು ಸ್ವಲ್ಪ ಹೊತ್ತಾದ ಮೇಲೆ ಹುಡುಗ ಕಣ್ಣು ಬಿಟ್ಟ.

"ಸರ, ಕನ್ನಡದಾಗ ಹೇಳಿದ್ರ ನಡೀತದೇನ್ರಿ?"

ಹೇಳಪ್ಪಾ ಎಂದೆ. ಡ್ರೈವರು ನನ್ನ ಕಡೆ ಒಮ್ಮೆ ನೋಡಿದರು.

"ಸೋಮವಾರದಿಂದ ಹೊಟ್ಟಿ ನೋಯಾಕ ಹತ್ತೈತ್ರಿ. ಮೊದಲ ಹೊಕ್ಕಳ ಹತ್ರ ಇತ್ತು, ಆಮ್ಯಾಲ ಬಲಕ್ಕ ಬಂತು. ಹೊಟ್ಟಿನೋವಿಗೆ ಇಂಗ್ಲಿಷ್‌ನ್ಯಾಗ ಏನಂತಾರ ಅಂತ ಬಾಜೂ ಹುಡುಗನ್ನ ಕೇಳಬೇಕಂದ್ನಿ. ಹಂಗ ಕೇಳೋದೂ ಕನ್ನಡದಾಗ ಆಕ್ಕಿತ್ತಲ್ರಿ."

ಅದು ದೂರಲ್ಲ. ಯಾಕೆ ಹೇಳಲಾಗಲಿಲ್ಲ ಎಂಬುದಕ್ಕೆ ಸಮಜಾಯಿಷಿ ಕೊಡುವ ಹುಡುಗನ ದನಿ. ಶಿರಸಿ ಬರುವವರೆಗೂ ಮಾತಾಡಿದ. ಮೂರು ವಾರ ಕೂಡಿಟ್ಟದ್ದೆಲ್ಲ ಬರುತ್ತಿತ್ತು: ಮನೆಯ ಎಮ್ಮೆ ಈಯುವ ದಿನ ಹತ್ತಿರವಾಗಿದೆ, ತಮ್ಮ ತನ್ನ ಹೊಸ ಪಾಟಿ, ಬಳಪ ಮುಟ್ಟಬಾರದು, ಮನೆಯ ಅನಾನಸು ಹಣ್ಣಾದಾಗ ನಿಮಗೆ ಕಳಿಸಿಕೊಡಲು ಅವ್ವನಿಗೆ ಹೇಳುತ್ತೇನೆ. ನಡುವೆ ಹೊಂಡ ಬಂದಾಗ ಮಾತ್ರ ನಿಲ್ಲಿಸಿ ಹಲ್ಲು ಕಚ್ಚುತ್ತಿದ್ದ.

ಕರುಳಿನ ತುದಿ ಕೊಳೆತು ಒಡೆದಿದೆ ಎಂದರು ಆಸ್ಪತ್ರೆಯ ಡಾಕ್ಟರು. ಕೊಯ್ದು ಮಾಡುವುದನ್ನೆಲ್ಲ ಮಾಡಿದರು. ಹೊರಗೆ ಬಂದು, "ಎರಡು ದಿನ ಮೊದಲು ತರಬೇಕಿತ್ತು" ಎಂದು ಮೆಲ್ಲಗೆ ಹೇಳಿದರು. ಶುಕ್ರವಾರ ಬೆಳಿಗ್ಗೆ ಅಪ್ಪ ಬಂದರು. ಹುಡುಗನಿಗೆ ಆಗ ಎಚ್ಚರವಿರಲಿಲ್ಲ. ಶನಿವಾರ ಮಧ್ಯಾಹ್ನ ಹೋಗಿಬಿಟ್ಟ.

ಆಸ್ಪತ್ರೆಯ ಅಂಗಳದ ಹಲಸಿನ ಮರದ ಕೆಳಗೆ ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಡ್ಮಾಸ್ತರರೂ ಬಂದಿದ್ದರು. ಅಪ್ಪ ನನ್ನನ್ನೇ ಕೇಳಿದರು.

"ಹೊಟ್ಟಿ ನೋಯಾಕ ಹತ್ತೈತಿ ಅಂತ ಅವ ನಿಮಗ ಮೊದಲ ಹೇಳಲಿಲ್ಲೇನ್ರಿ?"

"ಹೇಳಲಿಲ್ಲ" ಎಂದೆ.

"ಹೌದ್ರಿ. ಮೊದಲಿಂದಾನೂ ಅವ ಹಂಗ. ಮಾತ ಕಡಿಮಿ."

ನಾನು ಆಡಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಹೆಡ್ಮಾಸ್ತರರು ನೆಲ ನೋಡುತ್ತಿದ್ದರು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಹುಡುಗನನ್ನು ಮಲಗಿಸಿದರು. ಗಾಡಿ ಬನವಾಸಿ ರಸ್ತೆ ಹಿಡಿಯಿತು. ನಾನು ಜೊತೆಗೆ ಹೋಗಲಿಲ್ಲ.

ಮೂರು ದಿನ ಪಾಠ ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಅಡುಗೆಯವರು ಬರಲಿಲ್ಲ, ಬೇರೆಯವರನ್ನು ತಂದೆವು. ನಿಯಮ ಇದ್ದ ಹಾಗೇ ಇತ್ತು. ಆದರೆ ಯಾರೂ ಗೋಡೆಯ ಹತ್ತಿರ ನಿಲ್ಲುವ ಪ್ರಸಂಗ ಬರಲಿಲ್ಲ, ಏಕೆಂದರೆ ಹುಡುಗರು ಯಾವ ಭಾಷೆಯನ್ನೂ ಆಡುತ್ತಿರಲಿಲ್ಲ. ಮುಂದಿನ ಬೇಸಿಗೆಯಲ್ಲೂ ಈ ಇಂಗ್ಲಿಷ್ ವರ್ಗ ನಡೆಯಿತು. ನಾನೂ ಹೋದೆ. ಅಷ್ಟರಲ್ಲಿ ನನ್ನ ಕೆಲಸ ಕಾಯಂ ಆಗಿತ್ತು.

ಅದರ ಮರುವರ್ಷ ಯಲ್ಲಾಪುರದ ಶಾಲೆಯೊಂದಕ್ಕೆ ಕೆಲಸ ಬದಲಿಸಿದೆ. ಹೋಗುವ ಮೊದಲು ಬನವಾಸಿಗೆ ಹೋಗಬೇಕೆನಿಸಿತು. ಅಪ್ಪ ಅಂಗಡಿಯಲ್ಲಿದ್ದರು. ಗುರುತು ಹಿಡಿದು, "ಬರ್ರಿ, ಕುಂದರ್ರಿ" ಎಂದರು. ನಾನು ಕೂರದೆ ಎಲ್ಲವನ್ನೂ ಹೇಳಿದೆ: ನಿಯಮ, ಗೋಡೆ, ಅಡುಗೆಯವರ ಮಾತು, ನಾಳೆ ನೋಡುತ್ತೇನೆಂದ ನನ್ನ ಉತ್ತರ. ಗಿರಾಕಿ ಬಂದರು. ಅಪ್ಪ ಎದ್ದು ಬೆಲ್ಲ ತೂಗಿ ಕೊಟ್ಟು ಬಂದು ಮತ್ತೆ ಕೂತರು. ನಾನು ಉಳಿದದ್ದನ್ನೂ ಹೇಳಿದೆ.

ಅವರು ತೂಗಾಡುತ್ತಿದ್ದ ತಕ್ಕಡಿಯ ಸರಪಳಿ ಹಿಡಿದು ನಿಲ್ಲಿಸಿದರು.

"ಮನಿಯಾಗ ಆಕಿಗೆ ಇದನ್ನ ಹೇಳಬ್ಯಾಡ್ರಿ" ಎಂದರು. "ಮಗ ತಾನಾಗೇ ಹೇಳಲಿಲ್ಲ ಅಂತ ತಿಳಕೊಂಡಾಳ. ಅದಕ್ಕ ಒಗ್ಗಿ ಹೋಗ್ಯಾಳ. ಈಗ ಮತ್ತ ಕೆದಕಿದ್ರ ಆಕಿ ಯಾರ ಮ್ಯಾಲ ಸಿಟ್ಟ ಮಾಡಬೇಕ್ರಿ?"

ನನ್ನ ಮೇಲೆ ಎನ್ನಬೇಕಿತ್ತು.

ಉಣ್ಣದೆ ಕಳಿಸುವ ಪದ್ಧತಿಯಿಲ್ಲವೆಂದು ಮನೆಗೆ ಕರೆದುಕೊಂಡು ಹೋದರು. ಮಗನ ಮಾಸ್ತರರೆಂದು ತಿಳಿದು ತಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ರೊಟ್ಟಿ ಬಡಿಸಿದರು. ಕಿರಿಯ ಮಗ ಬಾಗಿಲ ಹಿಂದೆ ನಿಂತಿದ್ದ. ತಾಯಿ ಅವನನ್ನು ಮುಂದೆ ತಳ್ಳಿ, "ಇವಗೂ ಇಂಗ್ಲಿಷ್ ಬರಬೇಕ್ರಿ ಸರ. ನಿಮ್ಮಂಥವರ ಕೈಯಾಗ ಬಿಟ್ರ ಕಲೀತಾನ" ಎಂದರು.

ಅಪ್ಪ ನನ್ನ ಮುಖ ನೋಡಲಿಲ್ಲ. ನಾನು, ಯಲ್ಲಾಪುರ ದೂರವಾಗುತ್ತದೆ, ಇಲ್ಲೇ ಮನೆಯಲ್ಲಿಟ್ಟುಕೊಂಡು ಓದಿಸಿ ಎಂದೆ. ತಾಯಿ ಬೇಸರಪಟ್ಟುಕೊಂಡದ್ದು ಕಂಡಿತು. ಆದರೂ ಇನ್ನೊಂದು ರೊಟ್ಟಿ ಹಾಕಿದರು. ಅದನ್ನೂ ತಿಂದೆ.

ಅಪ್ಪ ಬಸ್ಸಿನವರೆಗೆ ಬಂದರು. ದಾರಿಯುದ್ದಕ್ಕೂ ಶುಂಠಿಗೆ ಬಂದ ಕೊಳೆರೋಗದ ಮಾತನ್ನೇ ಆಡಿದರು. ಬಸ್ಸು ಹೊರಟಾಗ ಕೈ ಮುಗಿದರು, ನಾನೂ ಮುಗಿದೆ.