‘ಬರೀ ಗಾಬರಿ’ ಎಂಬ ಮುದ್ರೆಯನ್ನು ಕೆಳಗಿಟ್ಟವರು

ಹೃದ್ರೋಗ ಚಿಕಿತ್ಸೆಯ ಕ್ಷೇತ್ರದಲ್ಲಿ ಹೆಸರಾಗುವವರು ಎದೆ ತೆರೆದು ಹೊಲಿಯುವ ವೈದ್ಯರು; ರೋಗಿಯ ಮಾತಿಗೆ ಕಿವಿಗೊಟ್ಟ ಶುಶ್ರೂಷಕಿಯರ ಹೆಸರು ಹಾಜರಿ ಪುಸ್ತಕವನ್ನು ದಾಟುವುದು ಅಪರೂಪ. ಹೃದಯ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ, ಇಡೀ ಆಸ್ಪತ್ರೆಗೆ ‘ದೊಡ್ಡಕ್ಕ’ ಆಗಿರುವ ಹಿರಿಯ ಶುಶ್ರೂಷಕಿಯವರು ಅಂಥ ಅಪರೂಪದವರು. ಅವರೊಡನೆ ಅವರು ಕಟ್ಟಿದ ಕೋಣೆಯೂ ಮುಚ್ಚಲಿದೆ ಎಂಬ ಸುದ್ದಿಯ ನಡುವೆ ಈ ಅಭಿನಂದನ ಗ್ರಂಥ ಸಿದ್ಧವಾಗುತ್ತಿದೆ. ಆ ಕೋಣೆ ಹುಟ್ಟಿದ್ದು ಅವರ ಒಂದು ತಪ್ಪಿನಿಂದ. ಅದನ್ನು ಮುಚ್ಚಿಟ್ಟು ಹೊಗಳುವುದು ಅವರಿಗೂ ಸತ್ಯಕ್ಕೂ ಮಾಡುವ ಅಪಚಾರ.

ಅವರು ಸೇವೆಗೆ ಸೇರಿದ ಕಾಲದಲ್ಲಿ, ಎದೆ ಡವಗುಟ್ಟುತ್ತದೆ, ಉಸಿರು ಕಟ್ಟುತ್ತದೆ ಎಂದು ಬಂದವರ ಇಸಿಜಿ ಸರಿಯಿದ್ದರೆ ವೈದ್ಯರು ‘ಬರೀ ಗಾಬರಿ’ ಎನ್ನುತ್ತಿದ್ದರು. ಶುಶ್ರೂಷಕಿಯರು ಅದನ್ನೇ ಚೀಟಿಯ ಮೇಲೆ ಬರೆಯುತ್ತಿದ್ದರು. ಬರೆದು ಬರೆದು ಕೈ ಸೋತ ದೊಡ್ಡಕ್ಕ ಆ ಎರಡು ಪದಗಳ ರಬ್ಬರ್ ಮುದ್ರೆ ಮಾಡಿಸಿ ತಂದರು. ಎಲ್ಲರೂ ಮೆಚ್ಚಿದರು. ಹದಿನಾಲ್ಕು ವರ್ಷ ಆ ಮುದ್ರೆ ಬೀಳುತ್ತಲೇ ಇತ್ತು.

ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಒಬ್ಬರ ಚೀಟಿಯ ಮೇಲೆ ಅದು ಐದು ಸಲ ಬಿದ್ದಿತ್ತು. ಆರನೆಯ ಸಲ ಅವರು ಹೆಂಡತಿಯೊಡನೆ ಬಂದಾಗ ಸರದಿಯ ವೈದ್ಯರು ನಕ್ಕರು.

“ಮತ್ತೆ ನೀವಾ ಸ್ವಾಮಿ? ಇಲ್ಲೇ ಮನೆ ಮಾಡ್ಕೊಂಡ್ಬಿಡಿ.”

“ನಾನೂ ಬೇಡ ಅಂದೆ ಡಾಕ್ಟ್ರೇ, ಇವಳೇ ಎಳ್ಕೊಂಡು ಬಂದ್ಲು. ಬರೀ ಗಾಬರಿ ಅಂತ ನಿಮ್ಮ ಮುದ್ರೆನೇ ಇದೆಯಲ್ಲ,” ಎಂದು ಅವರೂ ಬೆವರು ಒರೆಸಿಕೊಳ್ಳುತ್ತ ನಕ್ಕರು.

ಇಸಿಜಿ ತೆಗೆಯದೆಯೇ ಅವರನ್ನು ಬೆಂಚಿನ ಮೇಲೆ ಕೂರಿಸಿದರು. ಅರ್ಧ ಗಂಟೆಯಲ್ಲಿ, ಅಲ್ಲಿಯೇ, ಹೃದಯಾಘಾತದಿಂದ ಅವರು ತೀರಿಕೊಂಡರು.

ವಿಚಾರಣೆಯ ಸಭೆಯಲ್ಲಿ ಮುಖ್ಯ ವೈದ್ಯರು, “ಮುದ್ರೆ ಆಸ್ಪತ್ರೇದಮ್ಮ, ನೀವ್ಯಾಕೆ ಮೈಮೇಲೆ ಎಳ್ಕೋತೀರಿ?” ಎಂದು ಪಾರಾಗುವ ದಾರಿ ತೋರಿಸಿದರು. ದೊಡ್ಡಕ್ಕ ಆ ದಾರಿ ಹಿಡಿಯಲಿಲ್ಲ.

“ಮಾಡಿಸಿದ್ದು ನಾನು ಸಾರ್. ಗಾಬರಿ ಸುಳ್ಳಲ್ಲ, ‘ಬರೀ’ ಅನ್ನೋದು ಸುಳ್ಳು.”

ವರ್ಷಗಟ್ಟಲೆ ಬಿಡದೆ ಕಾಡುವ ಆತಂಕ ನಿದ್ದೆ ಕೆಡಿಸುತ್ತದೆ, ರಕ್ತದೊತ್ತಡವನ್ನು ಕೆರಳಿಸುತ್ತದೆ, ಸಿಗರೇಟಿನತ್ತ ಕೈ ಎಳೆಯುತ್ತದೆ. ಅಂಥವರಲ್ಲಿ ಹೃದ್ರೋಗದ ಅಪಾಯ ಹೆಚ್ಚೆಂದು ಅಧ್ಯಯನಗಳು ಹೇಳುತ್ತಲೇ ಇವೆ. ಆತಂಕಪಡುವವರೆಲ್ಲ ಹೃದ್ರೋಗಿಗಳಾಗುತ್ತಾರೆಂದಲ್ಲ. ಆದರೆ ಒಂದು ಇಸಿಜಿ ಸರಿಯಿದ್ದದ್ದು ಮನುಷ್ಯನನ್ನು ಹೊರಗಟ್ಟಲು ಪರವಾನಗಿಯೆ?

ಮುದ್ರೆಯನ್ನು ಕೆಳಗಿಟ್ಟು ಮುಂದಿನ ಹದಿನೆಂಟು ವರ್ಷ ದೊಡ್ಡಕ್ಕ ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ, ಇಸಿಜಿ ಸರಿಯಿದ್ದವರನ್ನೇ ಕೂರಿಸಿಕೊಂಡು ನಿದ್ದೆಯನ್ನೂ ಭಯವನ್ನೂ ವಿಚಾರಿಸಿದರು. ಮೂರು ತಿಂಗಳಿಗೊಮ್ಮೆ ತಪ್ಪದೆ ಕರೆಸಿದರು. ಮನೋವೈದ್ಯರಲ್ಲಿಗೆ ಹೋಗಲು ನಾಚುವವರ ಜೊತೆ ತಾವೇ ನಡೆದು, ದಾರಿಯಲ್ಲಿ ಪರಿಚಿತರು ಎದುರಾದರೆ “ನನ್ನ ಕೆಲಸಕ್ಕೇ ಕರ್ಕೊಂಡು ಹೊರಟಿದೀನಿ” ಎನ್ನುತ್ತಿದ್ದರು.

“ಕತೆ ಕೇಳೋ ಅಂಗಡಿ ತೆರೆದ್ರಾ ಅಕ್ಕಾ?” ಎಂದು ಇಸಿಜಿ ತೆಗೆಯುವಾತ ಕೆಣಕಿದ.

“ಹೂಂ ಕಣಪ್ಪ. ನೀನೂ ಬಾ, ನಿನ್ನ ಬಿ.ಪಿ.ನೂ ನೋಡ್ಬೇಕು.”

ನೋಡಿದರು. ಆತ ಇಂದಿಗೂ ಮಾತ್ರೆ ನುಂಗುತ್ತಿದ್ದಾನೆ.

ದೊಡ್ಡಕ್ಕ ಈಗ ದಣಿದಿದ್ದಾರೆ. ಕಾಲು ಊದಿದೆ, ದನಿ ಕುಗ್ಗಿದೆ. ಅವರ ಜಾಗಕ್ಕೆ ಯಾರೂ ಬರುವುದಿಲ್ಲವಂತೆ. ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸುತ್ತಾರಂತೆ. ವೇದಿಕೆಯ ಮೇಲೆ ಹಾರ ಹಾಕುವ ಕೈಗಳೇ ಕೆಳಗೆ ಬೀಗ ಹಾಕುತ್ತವೆ. ಇದಕ್ಕೆ ನಾಚಿಕೆಪಡುವಷ್ಟು ಚೈತನ್ಯವೂ ನಮ್ಮ ಸಂಸ್ಥೆಗಳಲ್ಲಿ ಉಳಿದಿಲ್ಲ.

ಕಳೆದ ವಾರ ಕಚೇರಿಯ ಗುಮಾಸ್ತರು ಪ್ರಭಾರ ಒಪ್ಪಿಸುವ ಪಟ್ಟಿ ತಂದರು: ಕುರ್ಚಿ ಎರಡು, ಕಪಾಟು ಒಂದು, ರಕ್ತದೊತ್ತಡ ನೋಡುವ ಯಂತ್ರ ಒಂದು. ದೊಡ್ಡಕ್ಕ ಕೆಳಗೆ ಇನ್ನೊಂದು ಸಾಲು ಬರೆದರು: ‘ಮತ್ತೆ ಬರಬೇಕಾದವರು ಇನ್ನೂರ ಹದಿನೇಳು ಜನ. ವಹಿಸಿಕೊಳ್ಳುವವರು...’

“ಜನರನ್ನೆಲ್ಲ ಪಟ್ಟೀಲಿ ಹಾಕೋ ಹಾಗಿಲ್ಲಮ್ಮ.”

“ಹಾಗಾದ್ರೆ ಕುರ್ಚೀನೂ ಒಪ್ಪಿಸಲ್ಲ, ಹೋಗಿ,” ಎಂದು ಅವರು ಕುಳಿತಲ್ಲಿಂದ ಏಳಲಿಲ್ಲ.

ದೊಡ್ಡಕ್ಕ ದೀರ್ಘಕಾಲ ಬಾಳಲಿ, ಊದಿದ ಕಾಲಿಗೆ ವಿಶ್ರಾಂತಿ ಸಿಗಲಿ. ಅವರ ಕೆಲಸ ಮಾತ್ರ ವಿಶ್ರಮಿಸದಿರಲಿ. ಈ ಗ್ರಂಥ ಅಚ್ಚಿಗೆ ಹೋಗುವ ದಿನವೂ ಆ ಸಾಲಿನ ಕೊನೆ ಖಾಲಿಯಿದೆ. ಅಲ್ಲೊಂದು ಹೆಸರು ಬರೆಯುವುದೇ ಅಭಿನಂದನೆ, ಉಳಿದದ್ದೆಲ್ಲ ಭಾಷಣ.