ಕಲ್ಲೇಶ ಬರೆದಿಟ್ಟ, ನಾನು ಅಳಿಸಿದ ಸಾಲುಗಳು

ಇಲ್ಲ... ಇದು ಸುಳ್ಳಾಗಿರಬೇಕು.

ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಕಲ್ಲೇಶನ ಹೆಂಡತಿ ಸುಜಾತ.
"ಅಣ್ಣಾ... ಇವ್ರು ಹೋಗ್ಬಿಟ್ರು ಅಣ್ಣಾ..."
"ಎಲ್ಲಿಗಮ್ಮ?" ಅಂದೆ.
ಎಲ್ಲಿಗೆ ಅಂತ ಕೇಳಿದೆ ಕಣ್ರೀ! ನನ್ನ ಬಾಯಿಗೆ ಮಣ್ಣು ಬೀಳ...

ಬೆಳಗಿನ ಜಾವ ಎದೆನೋವು ಅಂದನಂತೆ. ತರೀಕೆರೆಯಿಂದ ಶಿವಮೊಗ್ಗಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ...
ನಲವತ್ತೆರಡು. ಅದೇನು ಹೋಗುವ ವಯಸ್ಸೇ?

ಸಂಜೆ ಅವನ ಊರು ದೇವನೂರಿನಲ್ಲಿ ಮಣ್ಣು.
ನಾನು ಒಂದೂವರೆ ಬಸ್ಸಿಗೆ ಹೊರಡಬೇಕು. ಅಲ್ಲಿಯವರೆಗೆ ಏನು ಮಾಡಲಿ?
ಅಜ್ಜಂಪುರದ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರುತ್ತೇನೆ, ಏಳುತ್ತೇನೆ, ಬಾಗಿಲ ತನಕ ಹೋಗಿ ಬರುತ್ತೇನೆ. ತಂದಿಟ್ಟ ಟೀ ಕೆನೆಗಟ್ಟಿದೆ.
ಕೈ ಸುಮ್ಮನಿರುತ್ತಿಲ್ಲ... ಅದಕ್ಕೇ ಈ ಪೋಸ್ಟ್.

ನಿಮ್ಮಲ್ಲಿ ಹಲವರಿಗೆ ಕಲ್ಲೇಶ ಗೊತ್ತು. ತರೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಕಡೂರಿನಲ್ಲಿ ನನ್ನ ಜೊತೆ ಓದಿದವನು.
ಆದರೆ ಅವನೊಂದು ಲೈಬ್ರರಿ ಬರೆದಿದ್ದ ಅಂತ ಎಷ್ಟು ಜನಕ್ಕೆ ಗೊತ್ತು?
ಪುಸ್ತಕದ್ದಲ್ಲ... ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಲೈಬ್ರರಿ, ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಹೆಸರು 'ಚೀಟಿ'.
ಎಷ್ಟೋ ಪ್ರೋಗ್ರಾಮುಗಳಿಗೆ ಶುರುವಾಗುವಾಗ ಒಂದು ಸೆಟ್ಟಿಂಗ್ಸ್ ಫೈಲ್ ಬೇಕು. ಯಾವ ಹೊತ್ತಿಗೆ ಏನು ಮಾಡಬೇಕು ಎಂದು ಅದರಲ್ಲಿ ಬರೆದಿರುತ್ತೇವೆ. ಆ ಫೈಲನ್ನು ಓದಿ ಪ್ರೋಗ್ರಾಮಿಗೆ ಹೇಳುವುದೇ 'ಚೀಟಿ'ಯ ಕೆಲಸ.
ಮುನ್ನೂರು ಸಾಲೂ ಇಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಲಿ ಅಂತ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದ.

ನಮ್ಮ ಶಾಲೆಯ ಆಟೋಮ್ಯಾಟಿಕ್ ಬೆಲ್ ಹೊಡೆಯುವುದು ಅದರಿಂದಲೇ. ಅವನೇ ಬಂದು ಕೂರಿಸಿಕೊಟ್ಟಿದ್ದು.

ಆ ಬೆಲ್ಲಿನ ಸೆಟ್ಟಿಂಗ್ಸ್ ಫೈಲಿನ ತುಂಬ ಅವನದೇ ಮಾತು.
ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಮಿಷನ್ ಅದನ್ನು ಓದುವುದಿಲ್ಲ... ಅದು ಮನುಷ್ಯರಿಗೆ ಮಾತ್ರ.
"# ಮಳೆ ಬಂದ್ರೆ ಪ್ರೇಯರ್ ವರಾಂಡದಲ್ಲಿ, ಎರಡು ನಿಮಿಷ ಜಾಸ್ತಿ ಬೇಕು."
ಹೀಗೆ ಪ್ರತಿ ಟೈಮಿಗೂ ಒಂದು ಕಾರಣ.
ಬೇರೆ ಸಣ್ಣ ಲೈಬ್ರರಿಗಳು ಫೈಲ್ ಸೇವ್ ಮಾಡುವಾಗ ಇಂಥ ಸಾಲುಗಳನ್ನು ಎಸೆದುಬಿಡುತ್ತವೆ. 'ಚೀಟಿ' ಒಂದನ್ನೂ ಬಿಡದೆ ಇಟ್ಟುಕೊಳ್ಳುತ್ತಿತ್ತು. ಅರ್ಧ ಕೋಡ್ ಅದಕ್ಕೇ.

ಈ ಮೇಷ್ಟ್ರಿಗೆ ಬುದ್ಧಿ ಜಾಸ್ತಿ ನೋಡಿ...
'ಇನ್ನೂ ಲೈಟ್ ಮಾಡ್ತೀನಿ' ಅಂತ ಆ ಅರ್ಧ ಕೋಡ್ ಕಿತ್ತುಹಾಕಿದೆ. ನನ್ನದೇ ಕಾಪಿ ಮಾಡಿ ಶಾಲೆಯಲ್ಲಿ ಹಾಕಿದೆ.
ಶನಿವಾರದ ಮೊದಲ ಬೆಲ್ ಎಂಟು ಗಂಟೆ ಐದು ನಿಮಿಷಕ್ಕಿತ್ತು. ಟೈಪಿಂಗ್ ತಪ್ಪಿರಬೇಕು ಅಂದುಕೊಂಡು ಎಂಟಕ್ಕೆ ಸರಿಮಾಡಿದೆ.
ಸೇವ್ ಒತ್ತಿದೆ.
ಅವನ ಸಾಲುಗಳೆಲ್ಲ ಹೋದವು.

ಆ ಶನಿವಾರ ಬೆಲ್ ಆಗಿ ಗೇಟ್ ಹಾಕಿದಾಗ ಬುಕ್ಕಾಂಬುಧಿ ಕಡೆಯ ಮಕ್ಕಳು ಆಚೆ ನಿಂತಿದ್ದರು. ಅವರ ಬಸ್ ಬರುವುದೇ ಎಂಟಕ್ಕೆ... ಇಳಿದು ಓಡಿ ಬರಲು ಐದು ನಿಮಿಷ ಬೇಕು.

ಫೋನಿನಲ್ಲಿ ನೀನು ಬೈಯಲೂ ಇಲ್ಲ ಕಲ್ಲೇಶ...
"ಅಲ್ಲೇ ಬರ್ದಿದ್ನಲ್ಲಪ್ಪಾ ಮೇಷ್ಟ್ರೇ. ಓದ್ಲಿಲ್ವಾ?"
ತಪ್ಪು ನನ್ನದು. ಆದರೂ ನಾನೇ ಎಗರಾಡಿದೆ.
"ಮಿಷನ್ ಓದೋ ಫೈಲಲ್ಲಿ ನಿನ್ ಹರಟೆ ಯಾಕೋ?"
"ಮಿಷನ್‌ಗಲ್ಲ ಕಣೋ. ನಾಳೆ ನಾನಿಲ್ದಾಗ ಯಾರಾದ್ರೂ ಬಂದು ನೋಡ್ತಾರಲ್ಲ, ಅವ್ರಿಗೆ."
ಫೋನ್ ಕುಕ್ಕಿದೆ. ಹಟಕ್ಕೆ ಬಿದ್ದು ಬೆಲ್ಲನ್ನು ಎಂಟಕ್ಕೇ ಬಿಟ್ಟೆ. ಮುಂದಿನ ಶನಿವಾರವೂ ಮಕ್ಕಳು ಆಚೆ ನಿಂತರು.
ಏನು ಹಟ ಅದು! ಯಾರ ಮೇಲೆ?

ಮಂಗಳವಾರ ನಿನ್ನ ಮೆಸೇಜ್ ಬಂತು.
"ಏನಪ್ಪಾ ಮೇಷ್ಟ್ರೇ, ಕೋಪ ಇಳೀತಾ? ಹಳೇ ಫೈಲ್ ನನ್ ಹತ್ರಾನೂ ಇಲ್ಲ. ಭಾನ್ವಾರ ಬತ್ತೀನಿ, ಇಬ್ರೂ ಕೂತು ನೆನಪು ಮಾಡ್ಕೊಂಡು ಬರ್ಯೋಣ."
ನೋಡಿದೆ. ನೀಲಿ ಟಿಕ್ ಬಿದ್ದಿದೆ.
ಉತ್ತರ ಹಾಕಲಿಲ್ಲ ಕಣೋ... ಸ್ವಲ್ಪ ಕಾಯಲಿ ಅಂದುಕೊಂಡೆ.
ಕಾಯಲಿ ಅಂತೆ!

ಇವತ್ತು ಶುಕ್ರವಾರ.
ಫೋನ್ ಬಂದಾಗಿನಿಂದ ಪೆನ್‌ಡ್ರೈವ್, ಹಳೇ ಹಾರ್ಡ್ ಡಿಸ್ಕ್, ಮೇಲ್... ಎಲ್ಲ ಜಾಲಾಡಿದೆ. ನಿನ್ನ ಒಂದು ಸಾಲೂ ಸಿಗಲಿಲ್ಲ.
ಪರೀಕ್ಷೆ ಬೆಲ್ಲಿನ ಬಗ್ಗೆ ಏನೋ ತಮಾಷೆ ಬರೆದಿದ್ದೆಯಲ್ಲ, ಏನದು?
ಯಾರನ್ನು ಕೇಳಲಿ ಈಗ?

ನನ್ನ ಕಾಪಿ ತೆಗೆದು ಬಿಸಾಕಿದೆ. ನಿನ್ನ 'ಚೀಟಿ'ಯನ್ನೇ ಮತ್ತೆ ಹಾಕಿದೆ.
ಶನಿವಾರದ ಬೆಲ್ ಎಂಟು ಐದಕ್ಕೆ ಮಾಡಿದೆ. ಅದರ ಮೇಲೆ ಬರೆದೆ...

"# ಇದು ತಪ್ಪಲ್ಲ. ಬುಕ್ಕಾಂಬುಧಿ ಬಸ್ಸಿನ ಮಕ್ಕಳಿಗಾಗಿ. ಮೊದಲು ಬರೆದವನು ಕಲ್ಲೇಶ. ಅಳಿಸಿದವನು ನಾನು."

ಸೇವ್ ಒತ್ತಿದೆ. ಮುಚ್ಚಿ ಮತ್ತೆ ತೆರೆದೆ.
ಸಾಲು ಇದೆ... ಮತ್ತೆ ಸೇವ್ ಮಾಡಿದೆ. ಮತ್ತೆ ತೆರೆದೆ.
ಆಗಲೂ ಇದೆ ಕಣೋ!

ನಿನ್ನ ಮೆಸೇಜಿಗೂ ಈಗಷ್ಟೇ ಉತ್ತರ ಹಾಕಿದೆ. "ಕೋಪ ಇಳೀತು. ಬಾ."
ಒಂದೇ ಟಿಕ್ ಬಿದ್ದಿದೆ...

ಬಸ್ಸಿಗೆ ಹೊತ್ತಾಯಿತು. ಹೊರಟೆ.

ಹೋಗಿ ಬಾ ಕಲ್ಲೇಶ... ನಿನ್ನ ಜೀವ ಎಲ್ಲಿದ್ದರೂ ತಣ್ಣಗಿರಲಿ.
ನನ್ನದು ನಾಳೆ ಎಂಟು ಐದರ ಬೆಲ್ ಕೇಳುವವರೆಗೂ ಒದ್ದಾಡಲಿ ಬಿಡು.